ಕಾರ್ಣಿಕಕ್ಕೆ ಹೊರಟಿರಾ? ನೀರು ಮರೆಯಬೇಡಿ

ದಸರಾ ಬಂತೆಂದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಮಾಲತೇಶಸ್ವಾಮಿಯ ಕಾರ್ಣಿಕ ಕೇಳಲು ಜನವೋ ಜನ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಎಲ್ಲಾ ಮರೆಯದೆ ಕಟ್ಟುವ ನಾವು ನೀರಿನ ವಿಷಯಕ್ಕೆ ಮಾತ್ರ ‘ಅಲ್ಲೇ ಸಿಗುತ್ತೆ ಬಿಡಿ’ ಅಂತೀವಿ. ನನ್ನ ತಕರಾರು ಇರೋದೇ ಇಲ್ಲಿ.

ಕಾಲರಾ ಗಾಳಿಯಿಂದ ಬರುವ ರೋಗವಲ್ಲ. ಸೋಂಕಿತರ ಮಲ ಸೇರಿದ ನೀರು, ಆಹಾರ ಹೊಟ್ಟೆಗೆ ಹೋದರೆ ಬರುತ್ತೆ. ನೀರು ತಿಳಿಯಾಗಿ ಕಂಡರೂ ನಂಬುವಂತಿಲ್ಲ. ಸೋಂಕು ತಗುಲಿದ ಎಷ್ಟೋ ಮಂದಿಗೆ ಯಾವ ಲಕ್ಷಣವೂ ಇರೋದಿಲ್ಲ, ಆದರೂ ಅವರಿಂದ ಹರಡುತ್ತದೆ. ಹಳೇ ಕಾಲದ ಕಾಯಿಲೆ ಅನ್ನಬೇಡಿ, 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಕಾಣಿಸಿಕೊಂಡಿತ್ತು.

ನೀರು ಮಳ್ಳಿದ ಮೇಲೂ ಒಂದು ನಿಮಿಷ ಕುದಿಸಿ, ಆರಿಸಿ, ಬಾಟಲಿಗೆ ತುಂಬಿಕೊಳ್ಳಿ. ಐಸ್ ಹಾಕಿದ ಶರಬತ್ತು, ಹೆಚ್ಚಿಟ್ಟ ಹಣ್ಣು, ಮಕ್ಕಳು ಎಷ್ಟೇ ಹಟ ಮಾಡಿದರೂ ಬೇಡ. ಚೀಲದಲ್ಲೊಂದು ಸೋಪಿನ ತುಂಡೂ ಇರಲಿ.

ಊರಿಗೆ ಮರಳಿದ ಮೇಲೆ ಯಾರಿಗಾದರೂ ಅಕ್ಕಿ ತೊಳೆದ ನೀರಿನಂಥ ಭೇದಿ ಶುರುವಾದರೆ, ‘ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತೆ’ ಎನ್ನುವ ಮನೆಹಿರಿಯರ ಮಾತು ಕೇಳಬೇಡಿ. ಮೈಯೊಳಗಿನ ನೀರು ಬತ್ತಿ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಓಆರ್‌ಎಸ್ ಪೊಟ್ಟಣ ಇಲ್ಲವೆ? ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ಕೂಸಿಗಾದರೆ ಎದೆಹಾಲನ್ನೂ ನಿಲ್ಲಿಸಬೇಡಿ.