ಒಲೆ ಹಚ್ಚದೆ ಕೇಕಿನ ಉಂಡೆ

ಕಂಪ್ಲಿಯಿಂದ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಈ ಅಂಕಣಕ್ಕೆ ಪತ್ರ ಬರೆದಿದ್ದಾಳೆ. "ಸರ್, ಹೊಸ ವರ್ಷಕ್ಕೆ ಅಪ್ಪ ತರುವ ಕೇಕು ಪ್ರತಿ ಸಲವೂ ಅರ್ಧ ಉಳಿಯುತ್ತದೆ. ಮರುದಿನ ಯಾರೂ ಅದನ್ನು ಮುಟ್ಟುವುದಿಲ್ಲ. ಅದರಿಂದ ಟ್ರಫಲ್ ಮಾಡಬಹುದಂತೆ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಅಮ್ಮ ನನಗೆ ಗ್ಯಾಸ್ ಒಲೆ ಹಚ್ಚಲು ಬಿಡುವುದಿಲ್ಲ. ನಾನು ಮಾಡಬಹುದೇ?"

ಓವನ್ ಇಲ್ಲದೆ ಮಾಡಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ, "ಧಾರಾಳವಾಗಿ ಮಾಡಬಹುದು, ಮಗು." ಉಳಿದ ಕೇಕಿನಿಂದ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕಾಗುತ್ತದೆ. ಅದಕ್ಕೆ ಸ್ವಲ್ಪ ತಾಳ್ಮೆಯಿರಲಿ. ಮೊದಲು ಈ ಟ್ರಫಲ್ ಎಂದರೇನು, ನೋಡೋಣ.

ಯೂರೋಪಿನ ಕಾಡುಗಳಲ್ಲಿ ಮರದ ಬೇರುಗಳ ಬಳಿ, ನೆಲದೊಳಗೆ ಬೆಳೆಯುವ ಒಂದು ಬಗೆಯ ಶಿಲೀಂಧ್ರಕ್ಕೆ ಟ್ರಫಲ್ ಎಂದು ಹೆಸರು. ಅಗೆದು ತೆಗೆದಾಗ ಮಣ್ಣು ಮೆತ್ತಿದ ಗಡ್ಡೆಯಂತೆ ಕಾಣುತ್ತದೆ. ಚಾಕೊಲೇಟಿನ ಉಂಡೆಯನ್ನು ಕೋಕೋ ಪುಡಿಯಲ್ಲಿ ಹೊರಳಿಸಿದಾಗ ಅದೂ ಹಾಗೆಯೇ ಕಂಡಿತು, ಹೆಸರು ಅಂಟಿಕೊಂಡಿತು. ಹೆಸರು ದೂರದ್ದಾದರೂ ಕೋಕೋ ನಮಗೆ ದೂರದ್ದಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಾರೆ. ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಬೇಯಿಸಿದ್ದನ್ನು ಪುಡಿ ಮಾಡಿ, ಸಿಹಿ ಬೆರೆಸಿ ಉಂಡೆ ಕಟ್ಟುವ ವಿದ್ಯೆಯೂ ನಮಗೆ ಹೊಸದಲ್ಲ. ನಮ್ಮ ಭಾಗದ ಅಜ್ಜಿಯರು ದಪ್ಪ ಚಪಾತಿ ಸುಟ್ಟು, ಕುಟ್ಟಿ ಪುಡಿ ಮಾಡಿ, ಬೆಲ್ಲ, ಪುಟಾಣಿ ಹಿಟ್ಟು, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸಿ ಮಾದಲಿ ಮಾಡುತ್ತಾರೆ. ಮೊಹರಂನಲ್ಲಿ ಊರೂರಲ್ಲಿ ಹಂಚುವ ಮಲಿದಾ ಕೂಡ ಚಪಾತಿಯನ್ನು ಬೆಲ್ಲದೊಂದಿಗೆ ಹಿಸುಕಿ ಮಾಡಿದ್ದೇ. ಕೇಕಿನ ಟ್ರಫಲ್ ಇವುಗಳ ದೂರದ ತಮ್ಮ ಎನ್ನಬಹುದು.

ಈಗ ವಿಜ್ಞಾನದ ಪ್ರಶ್ನೆ. ಉದುರುದುರಾದ ಪುಡಿ ಉಂಡೆಯಾಗಿ ನಿಲ್ಲುವುದು ಹೇಗೆ?

ಇದರ ಉತ್ತರ ನೋಡಬೇಕಾದರೆ ಸಂಡೂರು ತಾಲ್ಲೂಕಿಗೆ ಹೋಗಬೇಕು. ಅಲ್ಲಿಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಅದಿರಿನ ನುಣುಪು ಪುಡಿಯನ್ನು ಉಂಡೆ ಮಾಡುತ್ತಾರೆ. ಪುಡಿಯನ್ನು ಹಾಗೆಯೇ ಊದುಕುಲುಮೆಗೆ ಸುರಿದರೆ ಗಾಳಿ ಆಡಲು ಜಾಗವಿರುವುದಿಲ್ಲ. ಆದ್ದರಿಂದ ಅದಕ್ಕೆ ಸ್ವಲ್ಪ ನೀರು, ಚೂರು ಬೆಂಟೊನೈಟ್ ಎಂಬ ಜೇಡಿಮಣ್ಣು ಬೆರೆಸಿ, ತಿರುಗುವ ದೊಡ್ಡ ತಟ್ಟೆಯಲ್ಲೋ ಪೀಪಾಯಿಯಲ್ಲೋ ಹೊರಳಾಡಿಸುತ್ತಾರೆ. ಸಾಮಾನ್ಯವಾಗಿ 8ರಿಂದ 16 ಮಿಲಿಮೀಟರ್ ಗಾತ್ರದ ಗುಂಡುಗಳಾಗುತ್ತವೆ. ಇವನ್ನು ಪೆಲೆಟ್ ಎನ್ನುತ್ತಾರೆ. ಕಣಕಣದ ನಡುವೆ ನೀರಿನ ತೆಳು ಪೊರೆ ಸೇತುವೆಯಂತೆ ನಿಂತು ಅವನ್ನು ಎಳೆದು ಹಿಡಿಯುತ್ತದೆ; ಜೇಡಿಮಣ್ಣು ಅಂಟಾಗುತ್ತದೆ. ಆಮೇಲೆ 1200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಸುಟ್ಟಾಗ ಗುಂಡು ಗಟ್ಟಿಯಾಗುತ್ತದೆ.

ನಮ್ಮ ಉಂಡೆಯಲ್ಲೂ ಇದೇ ಕೆಲಸ ನಡೆಯುತ್ತದೆ. ಕೇಕಿನ ಪುಡಿ ಅದಿರಿನ ಜಾಗದಲ್ಲಿದೆ. ಸಿಹಿಗೊಳಿಸಿದ ಗಟ್ಟಿ ಹಾಲು, ಅಂದರೆ ಡಬ್ಬಿಯ ಕಂಡೆನ್ಸ್ಡ್ ಮಿಲ್ಕ್, ಅಥವಾ ಹಣ್ಣಿನ ಜಾಮ್ ಅಂಟಿನ ಜಾಗದಲ್ಲಿದೆ. ಒಂದೇ ವ್ಯತ್ಯಾಸ: ಪೆಲೆಟ್ಟನ್ನು ಬೆಂಕಿ ಗಟ್ಟಿ ಮಾಡುತ್ತದೆ, ನಮ್ಮ ಉಂಡೆಯನ್ನು ತಂಪು ಗಟ್ಟಿ ಮಾಡುತ್ತದೆ. ಕೇಕಿನಲ್ಲಿರುವ ಬೆಣ್ಣೆ ಅಥವಾ ವನಸ್ಪತಿ ತಂಪಿನಲ್ಲಿ ಹೆಪ್ಪುಗಟ್ಟುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ನನ್ನ ತಪ್ಪಿನ ಕಥೆ ಶುರುವಾಗುವುದು ಇಲ್ಲಿಂದಲೇ.

ಹಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ಮನೆಯಲ್ಲಿ ಕೆನೆ ಹಚ್ಚಿದ ಕೇಕು ಕತ್ತರಿಸಿದೆವು. ಉಳಿದದ್ದು ಊಟದ ಮೇಜಿನ ಮೇಲೆಯೇ ಬೆಳಗಾಯಿತು. ಮಧ್ಯಾಹ್ನ ನನಗೆ ಉತ್ಸಾಹ ಬಂತು. ಕೇಕನ್ನು ಕೆನೆಸಮೇತ ಹಿಸುಕಿ, ಉಂಡೆ ಕಟ್ಟಲು ಬರಲಿಲ್ಲವೆಂದು ಹಾಲು ಚಿಮುಕಿಸಿದೆ. ಹಿಂದಿನ ದಿನ ತರಕಾರಿ ಹೆಚ್ಚುವಾಗ ಹೆಬ್ಬೆರಳಿಗೆ ಗಾಯವಾಗಿತ್ತು. ಪಟ್ಟಿ ಕಟ್ಟಿದ ಅದೇ ಕೈಯಿಂದ ಕಲಸಿದೆ. ಕೊಬ್ಬರಿಯಲ್ಲಿ ಹೊರಳಿಸಿ, ತಟ್ಟೆಯಲ್ಲಿ ಜೋಡಿಸಿ, ಸಂಜೆ ನಾಲ್ಕಕ್ಕೆ ಓಣಿಯ ಮಕ್ಕಳಿಗೆ ಹಂಚಿದೆ. ಏಳರ ಹೊತ್ತಿಗೆ ನನ್ನ ಮಗಳೂ ಸೇರಿ ನಾಲ್ಕು ಮಕ್ಕಳಿಗೆ ವಾಂತಿ ಹಿಡಿಯಿತು. ಪಕ್ಕದ ಮನೆಯ ಐದು ವರ್ಷದ ಹುಡುಗ ತೀರ ಸುಸ್ತಾದ. ಅವನಿಗೆ ರಾತ್ರಿಯಿಡೀ ಸಲೈನ್ ಏರಿಸಬೇಕಾಯಿತು.

ಅವನ ತಾಯಿ ನನ್ನನ್ನು ಬೈಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಒಂದೇ ಮಾತು ಹೇಳಿದರು: "ನೀವು ಮಾಡಿದ್ದು ಅಂತ ಎರಡು ತಿನ್ನಾಕ ಬಿಟ್ಟೆ, ಸರ್."

ಆ ವರ್ಷ ಜೂನ್ ತಿಂಗಳಿನಲ್ಲಿ ನಾನು ಸೂಕ್ಷ್ಮಜೀವಿಗಳ ಪಾಠವನ್ನು ಮೂರು ವಿಭಾಗಗಳಿಗೆ ಬೋಧಿಸಿದ್ದೆ. ಪಾಠ ಕಪ್ಪುಹಲಗೆಯ ಮೇಲೆಯೇ ಉಳಿದಿತ್ತು. ಹುಡುಗ ಮರುದಿನ ಚೇತರಿಸಿಕೊಂಡ, ನಿಜ. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ.

ಏನಾಗಿತ್ತು? ವೈದ್ಯರು ಗಾಯ ನೋಡಿ, ತಿಂದ ಹೊತ್ತು ಕೇಳಿ, ಸ್ಟೆಫೈಲೊಕಾಕಸ್ ಇರಬಹುದೆಂದು ಊಹಿಸಿದರು. ಈ ಬ್ಯಾಕ್ಟೀರಿಯ ಅನೇಕರ ಮೂಗಿನಲ್ಲಿ, ಚರ್ಮದ ಮೇಲೆ, ಕೀವಾದ ಗಾಯದಲ್ಲಿ ಇರುತ್ತದೆ. ಆಹಾರಕ್ಕೆ ಸೇರಿದರೆ ಅಲ್ಲಿಯೇ ವಿಷ ತಯಾರಿಸುತ್ತದೆ. ಆ ವಿಷ ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಬರಿಸುತ್ತದೆ. ಬ್ಯಾಕ್ಟೀರಿಯ ಸತ್ತರೂ ವಿಷ ಸುಲಭವಾಗಿ ಹೋಗುವುದಿಲ್ಲ, ಕುದಿಸಿದರೂ ಉಳಿಯಬಲ್ಲದು.

ಒಂದು ಲೆಕ್ಕ ಮಾಡಿ, ಮಕ್ಕಳೇ. ಅನುಕೂಲವಾದ ಬಿಸುಪು, ತೇವ, ಆಹಾರ ಸಿಕ್ಕರೆ ಬ್ಯಾಕ್ಟೀರಿಯ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲದು. ಆರು ಗಂಟೆಯಲ್ಲಿ ಇಂಥ 18 ಸರದಿ. ಒಂದು ಎರಡಾಗಿ, ಎರಡು ನಾಲ್ಕಾಗಿ, 18 ಸಲ ದುಪ್ಪಟ್ಟಾದರೆ 2,62,144. ಒಂದೇ ಒಂದರಿಂದ ಇಷ್ಟು!

ನಾನು ಮೂರು ತಪ್ಪು ಮಾಡಿದ್ದೆ. ಗಾಯದ ಕೈ, ಚಿಮುಕಿಸಿದ ಹಾಲು, ಮೇಜಿನ ಮೇಲೆ ಕಳೆದ ಹೊತ್ತು. ಒಲೆಯ ಮೇಲಿನ ಅಡುಗೆಯಲ್ಲಿ ನಮ್ಮ ಕೈಯ ಅಶುಚಿಯನ್ನು ಬೆಂಕಿ ಬಹುಮಟ್ಟಿಗೆ ಮನ್ನಿಸುತ್ತದೆ. ಒಲೆ ಹಚ್ಚದ ಅಡುಗೆಯಲ್ಲಿ ಮನ್ನಿಸುವವರು ಯಾರೂ ಇಲ್ಲ. ಓವನ್ ಇಲ್ಲದಿರುವುದು ಕೊರತೆಯೇನಲ್ಲ, ಆದರೆ ಅದರ ಕೆಲಸವನ್ನು ಸಾಬೂನು ಮತ್ತು ಗಡಿಯಾರ ಮಾಡಬೇಕು.

ಹಾಲಿನ ವಿಷಯ ಸ್ವಲ್ಪ ವಿವರಿಸಬೇಕು. ಮಾದಲಿ ವಾರಗಟ್ಟಲೆ ಕೆಡದೆ ಇರುತ್ತದೆ, ಹಾಲು ಬೆರೆಸಿದ ಕೇಕಿನ ಉಂಡೆ ಸಂಜೆಗೇ ಕೆಡುತ್ತದೆ. ಏಕೆ? ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಬಿಡಿಯಾಗಿ ಸಿಗುವ ನೀರು. ಸಕ್ಕರೆ, ಬೆಲ್ಲ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಜಾಮ್ ಒದ್ದೆಯಾಗಿ ಕಂಡರೂ ಅದರ ನೀರು ಸಕ್ಕರೆಯ ಹಿಡಿತದಲ್ಲಿದೆ. ಹಸಿ ಹಾಲಿನ ನೀರು ಬಿಡಿಯಾಗಿದೆ. ಬ್ಯಾಕ್ಟೀರಿಯಕ್ಕೆ ಅದು ಹಬ್ಬ. ಆದ್ದರಿಂದ ಉಂಡೆ ಕಟ್ಟಲು ಹಾಲು, ನೀರು ಎರಡೂ ಬೇಡ.

ಈಗ ಕಂಪ್ಲಿಯ ಹುಡುಗಿಯ ಎರಡನೆಯ ಪ್ರಶ್ನೆಗೆ ಉತ್ತರ. ಕೆನೆಯಿಲ್ಲದ ಸಾದಾ ಕೇಕು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರೆ, ಮರುದಿನ ಬಳಸಬಹುದು. ರಾತ್ರಿಯೆಲ್ಲ ಹೊರಗಿದ್ದ ಕೆನೆ ಕೇಕಿನಿಂದ ಏನನ್ನೂ ಮಾಡಬೇಡ. ಅದು ಎಷ್ಟೇ ಬೆಲೆಯದಾಗಿರಲಿ, ಬಿಸಾಡು. ಕೆನೆ, ಹಾಲು ಇರುವ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. 32 ಡಿಗ್ರಿಗಿಂತ ಹೆಚ್ಚು ಸೆಕೆಯಿದ್ದರೆ ಒಂದೇ ಗಂಟೆ. ನಮ್ಮೂರಲ್ಲಿ ವರ್ಷದ ಬಹುಭಾಗ ಈ ಎರಡನೆಯ ನಿಯಮವೇ ಅನ್ವಯಿಸುತ್ತದೆ.

ಬೇಕಾದ ಸಾಮಾನು: ಕೆನೆಯಿಲ್ಲದ ಬೇಕರಿ ಕೇಕು 300 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 80 ಗ್ರಾಂ (ಸುಮಾರು ನಾಲ್ಕು ದೊಡ್ಡ ಚಮಚ), ಕೋಕೋ ಪುಡಿ 10 ಗ್ರಾಂ. ಹೊರಳಿಸಲು ಒಣಕೊಬ್ಬರಿ ತುರಿ, ಪುಟಾಣಿ ಹಿಟ್ಟು ಅಥವಾ ಇನ್ನಷ್ಟು ಕೋಕೋ. ಒಟ್ಟು 390 ಗ್ರಾಂ ಆಯಿತು. ಚಿಕ್ಕ ನಿಂಬೆಹಣ್ಣಿಗಿಂತ ತುಸು ಸಣ್ಣದಾದ 20 ಉಂಡೆಗಳಾಗುತ್ತವೆ. ಒಂದೊಂದರ ತೂಕ ಎಷ್ಟೆಂದು ನೀವೇ ಭಾಗಿಸಿ ನೋಡಿ. ಹಂಪಿಯ ಕಡಲೆಕಾಳು ಗಣಪನಿಗೆ ನೈವೇದ್ಯವೆಂಬಂತೆ ದೊಡ್ಡ ಉಂಡೆ ಕಟ್ಟಬೇಡಿ. ಸಣ್ಣ ಉಂಡೆ ಒಳಗಿನವರೆಗೂ ಬೇಗ ತಂಪಾಗುತ್ತದೆ.

ಮಾಡುವ ಕ್ರಮ: ಉಗುರು ಕತ್ತರಿಸಿ, ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡು ಕೈ ತಿಕ್ಕಿ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಕೈಯಲ್ಲಿ ಗಾಯವಿದ್ದವರು, ನೆಗಡಿಯಾದವರು ಈ ದಿನ ಬರೀ ನೋಡುವ ಕೆಲಸ ಮಾಡಲಿ. ಕೇಕನ್ನು ಅಗಲ ಬೋಗುಣಿಯಲ್ಲಿ ಬೆರಳುಗಳಿಂದ ಉದುರಿಸಿ, ಗಂಟಿಲ್ಲದಂತೆ ಪುಡಿ ಮಾಡಿ. ಕೋಕೋ ಬೆರೆಸಿ. ಕಂಡೆನ್ಸ್ಡ್ ಮಿಲ್ಕನ್ನು ಒಮ್ಮೆಲೇ ಸುರಿಯದೆ ಚಮಚ ಚಮಚವಾಗಿ ಹಾಕುತ್ತ ಹೋಗಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮಿ. ಬಿರುಕು ಬಿಟ್ಟರೆ ಇನ್ನರ್ಧ ಚಮಚ ಬೇಕು. ಕೈಗೆ ಮೆತ್ತಿಕೊಂಡರೆ ಇನ್ನಷ್ಟು ಪುಡಿ ಬೇಕು. ಒಂದೊಂದು ಬೇಕರಿಯ ಕೇಕಿನ ತೇವ ಒಂದೊಂದು ಬಗೆ. ಆದ್ದರಿಂದ ಅಳತೆಗಿಂತ ಮುಷ್ಟಿಯನ್ನು ನಂಬಿ. ಉಂಡೆ ಕಟ್ಟಿ, ಹೊರಳಿಸಿ, ಮುಚ್ಚಿದ ಡಬ್ಬಿಯಲ್ಲಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಹೊರಳಿಸಿದ ಕೋಕೋ, ಅದಿರು ಲಾರಿ ಹೋದ ಮೇಲೆ ಸಂಡೂರು ರಸ್ತೆಯ ಗಿಡಗಳ ಎಲೆಯ ಮೇಲೆ ಕೂರುವ ಪುಡಿಯಂತೆ ತೆಳುವಾಗಿದ್ದರೆ ಸಾಕು.

ಫ್ರಿಜ್ಜಿನಲ್ಲಿಟ್ಟರೆ ಮೂರು ದಿನದೊಳಗೆ ತಿಂದು ಮುಗಿಸಿ. ಫ್ರಿಜ್ಜಿಲ್ಲದ ಮನೆಯಲ್ಲಿ ಕಂಡೆನ್ಸ್ಡ್ ಮಿಲ್ಕಿನ ಬದಲು ಜಾಮ್ ಹಾಕಿ, ಆ ದಿನವೇ ತಿಂದುಬಿಡಿ. ಹೆಚ್ಚು ದಿನ ಇಡಬೇಕೆಂದರೆ ಅಜ್ಜಿಯನ್ನು ಕೇಳಿ ಮಾದಲಿ ಮಾಡಿಸಿಕೊಳ್ಳಿ. ತೀರ ಚಿಕ್ಕ ಮಕ್ಕಳಿಗೆ ಇಡೀ ಉಂಡೆ ಕೊಡಬೇಡಿ, ಗಂಟಲಿಗೆ ಸಿಕ್ಕಬಹುದು. ಮುರಿದು ಕೊಡಿ.

ಚಾಕೊಲೇಟಿನ ಹೊದಿಕೆ ಬೇಕೆನ್ನುವವರಿಗೆ ಒಂದು ಮಾತು. ಚಾಕೊಲೇಟಿನ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ. ನಮ್ಮ ದೇಹದ ಬಿಸುಪು 37 ಡಿಗ್ರಿ. ಅದಕ್ಕೇ ಅದು ಬಾಯಿಗಿಟ್ಟೊಡನೆ ಕರಗುವುದು. ಇದನ್ನು ಕರಗಿಸಲು ಒಲೆ ಬೇಕಿಲ್ಲ. ಹಿರಿಯರಿಂದ ಬಿಸಿನೀರು ಕೇಳಿ ಪಡೆದು, ಅದರ ಮೇಲೆ ಒಣಗಿದ ಸ್ಟೀಲ್ ಬಟ್ಟಲಿಟ್ಟು ಚಾಕೊಲೇಟ್ ಚೂರು ಹಾಕಿದರೆ ಸಾಕು. ಒಂದೆರಡು ಹನಿ ನೀರು ಒಳಗೆ ಬಿದ್ದರೂ ಸಕ್ಕರೆಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಇಡೀ ಚಾಕೊಲೇಟು ಗಂಟಾಗುತ್ತದೆ. ಡಿಸೆಂಬರಿನಲ್ಲಿ ಈ ಹೊದಿಕೆ ನೆರಳಿನಲ್ಲಿ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳಿನ ಹೊಸಪೇಟೆಯಲ್ಲಿ 40 ಡಿಗ್ರಿ ಬಿಸಿಲಿಗೆ ಅದರ ಆಸೆ ಬೇಡ. ಆಗ ಕೊಬ್ಬರಿಯೇ ಸರಿ.

ಇನ್ನು ರಜೆಯ ಪ್ರಯೋಗ. ಪೆಲೆಟ್ ತಯಾರಿಸುವಲ್ಲಿ ಇನ್ನೂ ಸುಡದ ಹಸಿ ಗುಂಡನ್ನು 45 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ, ಎಷ್ಟನೆಯ ಸಲಕ್ಕೆ ಒಡೆಯಿತೆಂದು ಎಣಿಸುವ ಪರೀಕ್ಷೆಯಿದೆ. ನೀವೂ ಮೂರು ಉಂಡೆ ಮಾಡಿ: ಒಂದಕ್ಕೆ ಜಾಮ್, ಒಂದಕ್ಕೆ ಕಂಡೆನ್ಸ್ಡ್ ಮಿಲ್ಕ್, ಒಂದಕ್ಕೆ ಏನೂ ಬೆರೆಸದೆ ಬರೀ ಅದುಮಿದ್ದು. ಮೂರರ ತೂಕವೂ ಒಂದೇ ಇರಲಿ. ಸ್ಕೇಲ್ ಹಿಡಿದು ಅದೇ ಎತ್ತರದಿಂದ ತಟ್ಟೆಗೆ ಬೀಳಿಸಿ, ಎಣಿಕೆ ಬರೆದುಕೊಳ್ಳಿ. ಅವೇ ಉಂಡೆಗಳನ್ನು ಒಂದು ಗಂಟೆ ತಂಪಿನಲ್ಲಿಟ್ಟ ಮೇಲೆ ಎಣಿಕೆ ಬದಲಾಗುತ್ತದೆಯೇ? ಹೊಸದಾಗಿ ಮಾಡಿ ನೋಡಿ. ಪರೀಕ್ಷೆಗಿಟ್ಟ ಉಂಡೆಗಳನ್ನು ತಿನ್ನಬೇಡಿ.

ಪಾಲಕರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಅಡುಗೆಮನೆ ಹೊಲಸು ಮಾಡುತ್ತಾರೆಂದು ತಡೆಯಬೇಡಿ. ಪಕ್ಕದಲ್ಲಿ ನಿಲ್ಲಿ. ಹಂಪಿಗೆ ಪ್ರವಾಸ ಹೋದವರು ಭೋಜನಶಾಲೆ ಎಂದು ಕರೆಯುವ ಜಾಗ ನೋಡಿರುತ್ತೀರಿ. ಕಾಲುವೆಯ ಎರಡೂ ದಡದಲ್ಲಿ ಕಲ್ಲಿನಲ್ಲಿ ಕೊರೆದ ತಟ್ಟೆಗಳ ಸಾಲು, ನಡುವೆ ನೀರು ಹರಿಯಲು ದಾರಿ. ಮಕ್ಕಳನ್ನು ಕರೆದೊಯ್ದಾಗ ತಟ್ಟೆಯನ್ನಷ್ಟೇ ತೋರಿಸದೆ ಆ ನೀರಿನ ದಾರಿಯನ್ನೂ ತೋರಿಸಿ. ಊಟದ ಜಾಗಕ್ಕೆ ನೀರು ಹತ್ತಿರವಿರಬೇಕೆಂಬುದು ನಿನ್ನೆ ಮೊನ್ನೆಯ ಪಾಠವಲ್ಲ.

ಆ ಘಟನೆಯ ಮರುವರ್ಷ ನಾನು ಮತ್ತೆ ಉಂಡೆ ಮಾಡಿದೆ. ಪಕ್ಕದ ಮನೆಗೆ ಡಬ್ಬಿ ಕೊಡಲು ಹೋದಾಗ ಕಾಲು ಹಿಂಜರಿಯಿತು. ಆ ತಾಯಿ ಡಬ್ಬಿ ತೆಗೆದುಕೊಂಡರು. ಮುಚ್ಚಳ ತೆಗೆಯುವ ಮೊದಲು ಕೇಳಿದರು: "ಎಷ್ಟು ಗಂಟೆಗೆ ಮಾಡೀರಿ, ಸರ್?"

ಮುಚ್ಚಳದ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದೆ. ಬೆಳಗ್ಗೆ 11 ಗಂಟೆ, ಜನವರಿ 1, ಹಾಲು ಹಾಕಿಲ್ಲ, ಎಂದು ಬರೆದಿದ್ದೆ. ಅವರು ಓದಿ, ಒಂದು ಉಂಡೆಯನ್ನು ತಾವು ಬಾಯಿಗೆ ಹಾಕಿಕೊಂಡರು. ಆಮೇಲೆ ಮಗನನ್ನು ಕರೆದರು.

ಅಂದಿನಿಂದ ಚೀಟಿಯಿಲ್ಲದ ಡಬ್ಬಿ ನಮ್ಮ ಮನೆಯಿಂದ ಹೊರಗೆ ಹೋಗಿಲ್ಲ. ಕಂಪ್ಲಿಯ ಹುಡುಗಿಯೇ, ನೀನೂ ಒಂದು ಚೀಟಿ ಅಂಟಿಸು. ನಿನ್ನ ಬೀಳಿಸುವ ಪರೀಕ್ಷೆಯ ಎಣಿಕೆಯನ್ನು ಬರೆದು ಕಳಿಸುವುದನ್ನು ಮರೆಯಬೇಡ.