ಜಲಮಾರ್ಗಕ್ಕೆ ಸಂಖ್ಯೆ ಬಂತು, ದೋಣಿಯ ಹಾರ್ನ್ ಯಾರ ಹೊಣೆ?

ಬಂಟ್ವಾಳ: ಧರ್ಮಸ್ಥಳದ ಅಣೆಕಟ್ಟಿನಿಂದ ಮಂಗಳೂರಿನ ಬೆಂಗ್ರೆಯವರೆಗೆ 78 ಕಿ.ಮೀ. ಹರಿಯುವ ನೇತ್ರಾವತಿಯು 2016ರ ಕಾಯ್ದೆಯನ್ವಯ 74ನೇ ರಾಷ್ಟ್ರೀಯ ಜಲಮಾರ್ಗ. ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳ ಎಷ್ಟು ಮಂದಿಗೆ ಈ ಸಂಗತಿ ತಿಳಿದೀತು? ಘಟ್ಟದ ಮೇಲಿನ ಕಾಫಿಯನ್ನು ಬಂಟ್ವಾಳದಿಂದ ಮಂಗಳೂರಿಗೆ ದೋಣಿಗಳಲ್ಲಿ ಸಾಗಿಸುತ್ತಿದ್ದ ಕಾಲ ಎಂದೋ ಮುಗಿದಿದೆ. ಶಂಭೂರು, ತುಂಬೆಗಳಲ್ಲಿ ಅಣೆಕಟ್ಟುಗಳಿರುವಾಗ ಅದು ಮರಳಿ ಬರುವಂತೆಯೂ ಇಲ್ಲ. ಉಳಿದಿರುವುದು ಸಣ್ಣ ದೋಣಿಗಳು ಮತ್ತು ನೆರೆ ಬಂದಾಗ ಇಳಿಯುವ ರಕ್ಷಣಾ ದೋಣಿಗಳು. ಇವುಗಳ ಹಾರ್ನ್ ಬಗ್ಗೆ ಯಾರೂ ತಲೆಕೆಡಿಸಿಕೊಂಡಂತಿಲ್ಲ.

ಫಲ್ಗುಣಿಯ ಕೊನೆಯ 10 ಕಿ.ಮೀ. ಮಾತ್ರ 43ನೇ ಜಲಮಾರ್ಗವಾಗಿರುವುದರಿಂದ ಮೂಡುಬಿದಿರೆ ಆ ಪಟ್ಟಿಯಿಂದ ಹೊರಗಿದೆ. ಆದರೆ 1917ರ ಹಳೆಯ ಕಾನೂನಿನ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಜಲಮಾರ್ಗಗಳಿಗಷ್ಟೇ ಸೀಮಿತವಲ್ಲ. ಯಂತ್ರಚಾಲಿತ ದೋಣಿಗಳ ನೋಂದಣಿ, ತಪಾಸಣೆಗಳೊಂದಿಗೆ ಸಂಚಾರ ಸುರಕ್ಷತೆ ಹಾಗೂ ಸಂಕೇತಗಳನ್ನೂ ಅದು ವಿಧಿಸುತ್ತದೆ. ಸಮುದ್ರಯಾನದ ಅಂತಾರಾಷ್ಟ್ರೀಯ ನಿಯಮವಾದರೋ ಸಣ್ಣವರಿಗೆ ಉದಾರ: 12 ಮೀಟರ್‌ಗಿಂತ ಕಿರಿದಾದ ದೋಣಿಗೆ ನಿಗದಿತ ಹಾರ್ನ್ ಕಡ್ಡಾಯವಲ್ಲ, ಪರಿಣಾಮಕಾರಿಯಾಗಿ ಶಬ್ದ ಮಾಡುವ ಬೇರೊಂದು ಸಾಧನವಿದ್ದರೆ ಸಾಕು. ಈ ‘ಸಾಕು’ ಎಂಬಲ್ಲಿಯೇ ಸಮಸ್ಯೆ ಇರುವುದು.

ಅಗ್ಗಕ್ಕೆ ಸಿಗುವುದು ಕಾರಿನ ಹಾರ್ನ್. ತೇವಕ್ಕೆ ಅದರ ಉಕ್ಕಿನ ಬಿಲ್ಲೆ ತುಕ್ಕು ಹಿಡಿದು ದನಿ ಗೊಗ್ಗರಾಗುತ್ತದೆ. ಬ್ಯಾಟರಿಯಿಂದ ತೆಳು ತಂತಿಯನ್ನು ಉದ್ದಕ್ಕೆ ಎಳೆದರಂತೂ ಹಾರ್ನ್‌ಗೆ ತಲುಪುವ ವೋಲ್ಟೇಜ್ ಕುಸಿಯುತ್ತದೆ. ಬದಲಾಯಿಸುವುದಾದರೆ ತುಕ್ಕುರಹಿತ ಉಕ್ಕಿನ ದೋಣಿ ಹಾರ್ನ್, ತವರ ಲೇಪಿತ ದಪ್ಪ ತಾಮ್ರದ ತಂತಿ, ಪ್ರತ್ಯೇಕ ಫ್ಯೂಸ್, ರಿಲೇ ಬೇಕು. ನೀರು ನಿಲ್ಲದಂತೆ ಹಾರ್ನ್‌ನ ಬಾಯಿ ಮುಂದಕ್ಕೆ, ತುಸು ಕೆಳಕ್ಕೆ ಬಾಗಿರಬೇಕು. ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಔಟ್‌ಬೋರ್ಡ್ ಎಂಜಿನ್ ದೋಣಿಗಳಲ್ಲಿ ಹಲವಕ್ಕೆ ಬ್ಯಾಟರಿಯೇ ಇರುವುದಿಲ್ಲ. ಅಲ್ಲಿ ಅನಿಲ ಡಬ್ಬಿಯ ಕೈಹಾರ್ನ್ ಮತ್ತು ಡಬ್ಬಿ ಬರಿದಾದಾಗ ಊದಲು ಲೈಫ್ ಜಾಕೆಟ್‌ಗೆ ಕಟ್ಟಿದ ಸೀಟಿಯೇ ಗತಿ.

1974ರ ನೆರೆಯನ್ನು ಬಂಟ್ವಾಳದ ಹಿರಿಯರು ಇಂದಿಗೂ ಸ್ಮರಿಸುತ್ತಾರೆ. 2019ರ ಆಗಸ್ಟ್‌ನಲ್ಲಿ ಬಂಟ್ವಾಳದ ತಗ್ಗು ಪ್ರದೇಶಗಳೂ ಬೆಳ್ತಂಗಡಿಯ ಹಳ್ಳಿಗಳೂ ಮತ್ತೆ ಜಲಾವೃತವಾದವು. ಅಂತಹ ಹೊತ್ತಿನಲ್ಲಿ ದೋಣಿ ಸಾಗುವುದು ತೆರೆದ ನದಿಯಲ್ಲಲ್ಲ. ಅಡಕೆ ತೋಟದ ನಡುವೆ, ಮನೆಗಳ ಸಂದಿಯಲ್ಲಿ. ಕರೆಂಟು ಇರುವುದಿಲ್ಲ, ಮಳೆಯ ಆರ್ಭಟ ಬೇರೆ. ಟಾರ್ಚಿನ ಬೆಳಕನ್ನು ಮರಗಳು ತಡೆಯುತ್ತವೆ, ಶಬ್ದ ಮಾತ್ರ ಮರೆಯನ್ನು ದಾಟಿ ಬರುತ್ತದೆ. ಮಹಡಿಯಲ್ಲಿ ಸಿಲುಕಿದವರಿಗೆ ದೋಣಿ ಬಂತೆಂದು ತಿಳಿಸಲು, ಎದುರಿನ ತಿರುವಿನಲ್ಲಿ ಬರುತ್ತಿರುವ ಇನ್ನೊಂದು ದೋಣಿಯನ್ನು ಎಚ್ಚರಿಸಲು ಅದೇ ಆಧಾರ.

ಸಂಕೇತಗಳೂ ಕಷ್ಟದವಲ್ಲ. ಒಂದು ಸೆಕೆಂಡಿನ ಒಂದು ಕೂಗು ‘ಬಲಕ್ಕೆ ತಿರುಗುತ್ತಿದ್ದೇನೆ’, ಎರಡು ‘ಎಡಕ್ಕೆ’, ಮೂರು ‘ಎಂಜಿನ್ ಹಿಮ್ಮುಖವಾಗಿದೆ’. ಐದು ಕೂಗಿದರೆ ‘ನಿನ್ನ ಉದ್ದೇಶ ಅರ್ಥವಾಗುತ್ತಿಲ್ಲ’ ಎಂದು. ಕಾಣದ ತಿರುವಿಗೆ ನಾಲ್ಕರಿಂದ ಆರು ಸೆಕೆಂಡಿನ ಒಂದು ದೀರ್ಘ ಕೂಗು. ರಕ್ಷಣಾ ತರಬೇತಿಯಲ್ಲಿ ಅರ್ಧ ತಾಸಿನ ಪಾಠ ಸಾಕು.

2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಾಚೆಯ ಸಮುದ್ರದಲ್ಲಿ ಬೇಪೂರಿನ ಮೀನುಗಾರಿಕಾ ದೋಣಿಯೊಂದಕ್ಕೂ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಬದುಕುಳಿದವರು ಇಬ್ಬರೇ. ಹಾರ್ನ್ ಒಂದೇ ಅದನ್ನು ತಪ್ಪಿಸುತ್ತಿತ್ತೆಂದು ಹೇಳಲಾಗದು. ಕಾರವಾರದ ಕೂರ್ಮಗಡದ ಬಳಿ 2019ರ ಜನವರಿಯಲ್ಲಿ ದೋಣಿ ಮಗುಚಿದ ದುರಂತವೂ ಬೇರೆಯದೇ ಬಗೆಯದು. ಆದರೆ ಇಂಥ ಪ್ರತಿ ಅವಘಡದ ಬಳಿಕ ಚರ್ಚೆ ಲೈಫ್ ಜಾಕೆಟ್‌ಗೆ ಬಂದು ನಿಲ್ಲುತ್ತದೆ. ಜಾಕೆಟ್ ನೆರವಾಗುವುದು ನೀರಿಗೆ ಬಿದ್ದ ಮೇಲೆ ತಾನೇ?

ಮೋಟಾರು ವಾಹನ ನಿಯಮಗಳು ಕರ್ಕಶ ಹಾರ್ನನ್ನು ನಿಷೇಧಿಸಿದ್ದರೂ ಬಿ.ಸಿ.ರೋಡಿನ ಬಸ್ಸುಗಳ ಆರ್ಭಟ ಕಡಿಮೆಯಾಗಿಲ್ಲ. ಹೆದ್ದಾರಿಯಲ್ಲಿ ಅತಿಯಾದದ್ದು ನದಿಯಲ್ಲಿ ಬೇಕಾದಷ್ಟೂ ಇಲ್ಲವೆಂಬುದು ವಿಪರ್ಯಾಸ. ಪ್ರತಿವರ್ಷ ಮುಂಗಾರಿಗೆ ಮುನ್ನ ತಾಲೂಕು ಆಡಳಿತಗಳು ರಕ್ಷಣಾ ದೋಣಿಗಳ ಪಟ್ಟಿ ಸಿದ್ಧಪಡಿಸುವಾಗ ಎಂಜಿನ್, ಹಗ್ಗ, ಜಾಕೆಟ್‌ಗಳ ಜತೆಗೆ ಹಾರ್ನನ್ನೂ ಒತ್ತಿ ನೋಡುವ ಕ್ರಮ ಬರಬೇಕು. ಅದಕ್ಕೆ ಹೊಸ ಕಾನೂನಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ತಹಶೀಲ್ದಾರರ ಒಂದು ಸೂಚನೆ ಸಾಕು.