ಸುಟ್ಟ ಮೈಗೆ ಅಳೆದ ಮದ್ದು ಬೇಕು

ಬಾಯ್ಲರಿನ ಉಗಿಯಲ್ಲೋ ಅಂಗಡಿಯ ಸ್ಟೌವಿನ ಬೆಂಕಿಯಲ್ಲೋ ಮೈ ಸುಟ್ಟುಕೊಂಡು ಮೊದಲ ದಿನಗಳನ್ನು ದಾಟಿದವನನ್ನು ಹೆಚ್ಚಾಗಿ ಕೊಲ್ಲುವುದು ಸೋಂಕು. ಆಗ ಎಲ್ಲರಿಗೂ ಕೊಡುವ ಅಳತೆಯಲ್ಲೇ ಆಂಟಿಬಯೋಟಿಕ್ ಕೊಟ್ಟರೆ ಸಾಕೆ? ಅನೇಕರಿಗೆ ಸಾಲದು. ಬಹಳ ಸುಟ್ಟ ಮೈಯಲ್ಲಿ ಎರಡು ದಿನ ಕಳೆದ ಮೇಲೆ ರಕ್ತದ ಓಟ ಬಿರುಸಾಗುತ್ತದೆ. ಮೂತ್ರಪಿಂಡಗಳು ಮದ್ದನ್ನು ಬೇಗ ಹೊರಹಾಕುತ್ತವೆ. ಇಂಥವರಿಗೆ ಜೆಂಟಾಮೈಸಿನ್ ಮದ್ದು ಹೆಚ್ಚು ಬೇಕೆಂದು ಅಮೆರಿಕದ ಸಂಶೋಧಕರು 1976ರಲ್ಲೇ ತೋರಿಸಿದರು. ಆದರೆ ಮೂತ್ರಪಿಂಡ ಸೋತವನಿಗೆ ಅದೇ ಹೆಚ್ಚಳ ವಿಷವಾದೀತು. ಆದ್ದರಿಂದ ರಕ್ತದಲ್ಲಿ ಮದ್ದೆಷ್ಟಿದೆಯೆಂದು ಪರೀಕ್ಷಿಸಿಯೇ ಕೊಡಬೇಕು.

ತಕ್ಕಡಿಯಿಲ್ಲದೆ ಬೇಳೆ ಮಾರಿದರೆ ನಾವು ಒಪ್ಪುವುದಿಲ್ಲ. ಜೀವದ ವಿಷಯದಲ್ಲಿ ಕಣ್ಣಳತೆಯನ್ನು ಒಪ್ಪಬೇಕೆ?

ಇ.ಎಸ್.ಐ.ಗೆ ನೂರು ರೂಪಾಯಿ ಕೂಲಿಗೆ ಕಾರ್ಮಿಕನಿಂದ 75 ಪೈಸೆ, ಮಾಲೀಕನಿಂದ ಮೂರೂಕಾಲು ರೂಪಾಯಿ ಸಲ್ಲುತ್ತದೆ. ಅಲ್ಲಿ ಸಿಗುವ ಚಿಕಿತ್ಸೆ ದಾನವಲ್ಲ, ನಮ್ಮ ಹಕ್ಕು. ಇ.ಎಸ್.ಐ. ಇಲ್ಲದ ಸಣ್ಣ ವ್ಯಾಪಾರಿಗೆ ಜಿಲ್ಲಾ ಆಸ್ಪತ್ರೆಯೇ ಗತಿ. ಸುಟ್ಟಗಾಯಕ್ಕೆ ಚಿಕಿತ್ಸೆ ಕೊಡುವ ಈ ಎರಡೂ ಬಗೆಯ ಆಸ್ಪತ್ರೆಗಳಲ್ಲಿ ಆ ರಕ್ತಪರೀಕ್ಷೆ ಬಿಟ್ಟಿಯಾಗಿ ಸಿಗಬೇಕು. ಬಾಂಧವರೆ, ಸಂಘದ ಮುಂದಿನ ಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಯಿಸೋಣ.